ಅಂಧರ ಅಕ್ಷರ: ಬ್ರೈಲ್ ಲಿಪಿಯೂ ಶಾಸ್ತ್ರದಾನವೂ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ಬಗೆಯ ದಾನಗಳು ಶ್ರಾವಕರಿಗೆ ವಿಹಿತವಾಗಿವೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರೂ ಅಭಿಮಾನದಿಂದ ನೆನೆಯುವ ಸಂಗತಿ. ಆದರೆ ಓಲೆಗರಿಯ ಅಕ್ಷರವಾಗಲಿ, ಅಚ್ಚಿನ ಅಕ್ಷರವಾಗಲಿ ಕಣ್ಣುಳ್ಳವರಿಗೆ ಮಾತ್ರ ದಕ್ಕುವಂಥದು. ಅಂಧರು ಕೇಳಿಯೇ ಕಲಿಯಬೇಕಾಗಿತ್ತು. ಓದುವವರು ಬಂದಾಗ ಕೇಳಬೇಕು, ಅವರು ನಿಲ್ಲಿಸಿದಲ್ಲಿ ನಿಲ್ಲಬೇಕು. ಸಂದೇಹ ಬಂದ ಸಾಲಿಗೆ ತಾವೇ ಹಿಂದಿರುಗುವ, ತಮ್ಮ ವಿಚಾರವನ್ನು ತಾವೇ ಬರೆದಿಡುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಆ ಸ್ವಾತಂತ್ರ್ಯವು ಫ್ರಾನ್ಸ್ ದೇಶದ ಒಬ್ಬ ಅಂಧ ಬಾಲಕನ ಕೈಯಿಂದ ಬಂದಿತು. ಅದಕ್ಕೆ ಅಡ್ಡಿ ಬಂದದ್ದು ದುಷ್ಟರಿಂದಲ್ಲ, ಅಂಧರ ಹಿತಕ್ಕಾಗಿಯೇ ನಿಯುಕ್ತರಾಗಿದ್ದವರಿಂದ ಎಂಬುದು ವಿಚಾರಾರ್ಹವಾಗಿದೆ.

1771ರಲ್ಲಿ ಪ್ಯಾರಿಸ್ ನಗರದ ಜಾತ್ರೆಯೊಂದರಲ್ಲಿ ಅಂಧರಿಗೆ ವೇಷ ಹಾಕಿ, ಕೈಗೆ ವಾದ್ಯ ಕೊಟ್ಟು, ಜನರು ನಗೆಯಾಡುತ್ತಿದ್ದುದನ್ನು ವ್ಯಾಲೆಂಟಿನ್ ಹೌಯ್ ಎಂಬ ಸಜ್ಜನನು ಕಂಡನು. ಮನಸ್ಸಿಗೆ ನೋವಾಯಿತು. ಮುಂದೆ 1785ರಲ್ಲಿ ಆತನು ಸ್ಥಾಪಿಸಿದ ಅಂಧರ ಶಾಲೆಯು ಜಗತ್ತಿನಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಒದ್ದೆಯಾದ ದಪ್ಪ ಕಾಗದವನ್ನು ಅಚ್ಚಿನ ಮೊಳೆಗಳ ಮೇಲೆ ಒತ್ತಿ ಉಬ್ಬಿದ ಅಕ್ಷರಗಳನ್ನು ಮೂಡಿಸುವುದು ಅವನ ವಿಧಾನ. ಆದರೆ ಅವು ಕಣ್ಣಿಗಾಗಿ ರೂಪುಗೊಂಡ ರೋಮನ್ ಅಕ್ಷರಗಳೇ. ಒಂದೊಂದರ ಅಂಚನ್ನು ಬೆರಳಿನಿಂದ ಸವರಿ ಗುರುತಿಸುವಷ್ಟರಲ್ಲಿ ಹಿಂದಿನ ಅಕ್ಷರವು ಮರೆಯುವಂತಿತ್ತು. ಗ್ರಂಥಗಳು ಎತ್ತಲಾರದಷ್ಟು ಭಾರ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಈ ಅಕ್ಷರವನ್ನು ವಿದ್ಯಾರ್ಥಿಯು ಕಷ್ಟಪಟ್ಟು ಓದಬಹುದಿತ್ತೇ ವಿನಾ ತಾನಾಗಿ ಬರೆಯಲು ಸುಲಭ ಉಪಾಯವಿರಲಿಲ್ಲ.

ಈ ಶಾಲೆಗೆ 1819ರಲ್ಲಿ ಹತ್ತು ವರ್ಷದ ಲೂಯಿ ಬ್ರೈಲ್ ಸೇರಿದನು. ಆತನು ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸಿಗೆ ಪೂರ್ವದಲ್ಲಿರುವ ಕೂಪ್ರೆ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು ಹೊಲಿಯುವವನು. ಮೂರು ವರ್ಷದ ಮಗುವು ತಂದೆಯ ಅಂಗಡಿಯಲ್ಲಿ ತೊಗಲು ಚುಚ್ಚುವ ಮೊನಚಾದ ಉಪಕರಣದೊಂದಿಗೆ ಆಡುವಾಗ ಕಣ್ಣಿಗೆ ಪೆಟ್ಟಾಯಿತು; ಗಾಯವು ಕೀವುಗೊಂಡು ಇನ್ನೊಂದು ಕಣ್ಣಿಗೂ ಹರಡಿ ಎರಡೂ ಹೋದವು. ತಂದೆಯು ಮಗನನ್ನು ಮೂಲೆಯಲ್ಲಿ ಕೂರಿಸದೆ ಊರಿನ ಶಾಲೆಗೆ ಕಳುಹಿಸಿದನೆಂಬುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ.

1821ರಲ್ಲಿ ಚಾರ್ಲ್ಸ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿಯು ತಾನು ರಚಿಸಿದ ಚುಕ್ಕೆಗಳ ಬರಹವನ್ನು ಶಾಲೆಗೆ ತಂದನು. ಗೆರೆಗಿಂತ ಚುಕ್ಕೆಯು ಬೆರಳಿಗೆ ಸ್ಪಷ್ಟವೆಂಬ ಅವನ ಕಾಣ್ಕೆಯು ಬಹು ದೊಡ್ಡದು. ಆದರೆ ಒಂದು ಸಂಕೇತಕ್ಕೆ 12 ಚುಕ್ಕೆಗಳವರೆಗೆ ಬೇಕಾಗಿ, ಅದು ಬೆರಳ ತುದಿಯ ಒಂದು ಸ್ಪರ್ಶಕ್ಕೆ ಸಿಗುತ್ತಿರಲಿಲ್ಲ. ಉಚ್ಚಾರಣೆಯನ್ನು ಮಾತ್ರ ಸೂಚಿಸುವ ಆ ಬರಹದಲ್ಲಿ ಕಾಗುಣಿತ ಶುದ್ಧಿಗೂ ಅಂಕಿಗಳಿಗೂ ಎಡೆಯಿರಲಿಲ್ಲ. ಅಂಧರಿಗೆ ಇಷ್ಟು ಸಾಕೆಂದು ಬಾರ್ಬಿಯೆ ಭಾವಿಸಿದ್ದನೇನೋ! ಬಾಲಕ ಬ್ರೈಲನಿಗೆ ಅದು ಸಾಲದಾಯಿತು. ಹಗಲಿನ ಪಾಠ ಮುಗಿದ ಮೇಲೆ ಚುಚ್ಚಿ, ಸವರಿ, ತಿದ್ದಿ, 1824ರ ಹೊತ್ತಿಗೆ, ಅಂದರೆ ಹದಿನೈದನೆಯ ವಯಸ್ಸಿನಲ್ಲಿ, ಆರೇ ಚುಕ್ಕೆಗಳ ಲಿಪಿಯನ್ನು ಸಿದ್ಧಪಡಿಸಿದನು. ಅದು ಗ್ರಂಥರೂಪದಲ್ಲಿ ಪ್ರಕಟವಾದದ್ದು 1829ರಲ್ಲಿ; ಪರಿಷ್ಕೃತ ಆವೃತ್ತಿ 1837ರಲ್ಲಿ.

ಲಿಪಿಯ ಕ್ರಮವು ಸರಳ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಇವುಗಳಲ್ಲಿ ಯಾವುದು ಉಬ್ಬಿದೆ, ಯಾವುದು ಇಲ್ಲ ಎಂಬುದರಿಂದ 63 ಚಿಹ್ನೆಗಳು ಲಭಿಸುತ್ತವೆ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕೆಗಳೇ ಸಾಕು. ಅವಕ್ಕೇ 3ನೆಯ ಚುಕ್ಕೆಯನ್ನು ಕೂಡಿಸಿದರೆ ಮುಂದಿನ ಹತ್ತು. ಲೆಕ್ಕದ ಪುಸ್ತಕ ಬರೆದು ಬಲ್ಲವರಿಗೆ ಈ ಅಚ್ಚುಕಟ್ಟು ಕೂಡಲೇ ಮನವರಿಕೆಯಾಗುವುದು. ರಂಧ್ರಗಳಿರುವ ಪಟ್ಟಿಯ ಅಡಿಯಲ್ಲಿ ಕಾಗದವನ್ನಿರಿಸಿ, ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಿ, ಕಾಗದವನ್ನು ತಿರುವಿದರೆ ಎಡದಿಂದ ಬಲಕ್ಕೆ ಓದಬಹುದು. ಸಂಗೀತದ ಸ್ವರಗಳನ್ನೂ ಬ್ರೈಲನು ಇದರಲ್ಲಿಯೇ ಅಳವಡಿಸಿದನು. ಸಂಗೀತವು ಅಲ್ಲಿನ ಅಂಧರಿಗೆ ಜೀವನೋಪಾಯವೂ ಆಗಿತ್ತು. ಬ್ರೈಲನೇ ಪ್ಯಾರಿಸಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದನು.

ವಿದ್ಯಾರ್ಥಿಗಳು ಈ ಲಿಪಿಯನ್ನು ಕೂಡಲೇ ತಮ್ಮದಾಗಿಸಿಕೊಂಡರು. ಶಾಲೆಯು ಅಧಿಕೃತವಾಗಿ ಒಪ್ಪಲಿಲ್ಲ. 1840ರಲ್ಲಿ ಮುಖ್ಯಾಧಿಕಾರಿಯಾದ ಡ್ಯುಫೋ ಎಂಬಾತನು ಅದನ್ನು ನಿಷೇಧಿಸಿದನು; ಶಾಲೆಯಲ್ಲಿದ್ದ ಹಳೆಯ ಪುಸ್ತಕಗಳನ್ನು ಸುಡಿಸಿದನೆಂದೂ ಬ್ರೈಲನ ಜೀವನಚರಿತ್ರೆಗಳು ಹೇಳುತ್ತವೆ. ಮಕ್ಕಳು ಗುಟ್ಟಾಗಿ ಬರೆಯುತ್ತಲೇ ಇದ್ದರು. ಕಣ್ಣುಳ್ಳವರು ಓದಲಾಗದ ಲಿಪಿಯನ್ನು ಕಲಿತರೆ ಅಂಧರು ಸಮಾಜದಿಂದ ಬೇರೆಯಾಗುವರೆಂಬುದು ವಿರೋಧಿಗಳ ವಾದ. ಅನೇಕಾಂತ ದೃಷ್ಟಿಯಿಂದ ನೋಡುವುದಾದರೆ ಇದರಲ್ಲಿಯೂ ಒಂದು ಅಂಶ ಸತ್ಯವಿದೆ. ಅದಕ್ಕೆ ಬ್ರೈಲನು ಜಗಳದಿಂದ ಉತ್ತರಿಸದೆ ಕೆಲಸದಿಂದ ಉತ್ತರಿಸಿದನು. ಚುಕ್ಕೆಗಳಿಂದಲೇ ರೋಮನ್ ಅಕ್ಷರಗಳ ಆಕಾರವನ್ನು ಮೂಡಿಸುವ ಇನ್ನೊಂದು ವಿಧಾನವನ್ನು 1839ರಲ್ಲಿ ಪ್ರಕಟಿಸಿದನು. ಅದರಿಂದ ಅಂಧನು ಕಣ್ಣುಳ್ಳ ತಾಯಿತಂದೆಗಳಿಗೆ ತಾನೇ ಪತ್ರ ಬರೆಯಬಹುದಾಯಿತು. ಅದನ್ನು ಶೀಘ್ರವಾಗಿ ಬರೆಯಲು 1841ರಲ್ಲಿ ಯಂತ್ರವೊಂದನ್ನು ನಿರ್ಮಿಸಿದ ಪಿಯೆರ್ ಫೂಕೋ ಕೂಡ ಅಂಧನೇ. ಇಷ್ಟಾದರೂ ಬೆರಳಿಗೆ ಕಷ್ಟವಾದದ್ದನ್ನು ಕಣ್ಣಿಗೆ ಚೆನ್ನಾಗಿ ಕಾಣುತ್ತದೆಂಬ ಕಾರಣಕ್ಕೆ ಹೇರುವುದು ನ್ಯಾಯವೆನ್ನಿಸದು.

1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಂದು ಉಪಮುಖ್ಯಾಧಿಕಾರಿ ಗ್ವಾದೆಯು ಸಭೆಯ ಮುಂದೆ ಈ ಲಿಪಿಯನ್ನು ಬಹಿರಂಗವಾಗಿ ಪ್ರಶಂಸಿಸಿದನು. ಒಂದು ಮಗುವು ಹೇಳಿದ್ದನ್ನು ಬರೆಯಿತು, ಹೊರಗಿದ್ದ ಇನ್ನೊಂದು ಮಗುವು ಬಂದು ಅದನ್ನು ಓದಿತು. ವಿರೋಧವು ಅಲ್ಲಿಗೆ ಸಡಿಲವಾಯಿತು. ಬ್ರೈಲನು ಕ್ಷಯರೋಗದಿಂದ 1852ರ ಜನವರಿ 6ರಂದು ತೀರಿಕೊಂಡನು. ಶಾಲೆಯು ಅವನ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು 1854ರಲ್ಲಿ. ಅವನು ಬಿಟ್ಟುಹೋದ ವಸ್ತುಗಳಲ್ಲಿ, ತೆರೆಯದೆ ಸುಡಬೇಕೆಂದು ಬರೆದಿದ್ದ ಒಂದು ಸಣ್ಣ ಪೆಟ್ಟಿಗೆಯಿತ್ತಂತೆ. ಕುತೂಹಲ ತಡೆಯದೆ ತೆರೆದು ನೋಡಿದವರಿಗೆ ಕಂಡದ್ದು ಸಾಲದ ಚೀಟಿಗಳು: ಬಡ ವಿದ್ಯಾರ್ಥಿಗಳಿಗೆ ಅವನು ಕೊಟ್ಟು, ವಸೂಲು ಮಾಡಲು ಇಚ್ಛಿಸದ ಹಣದ ಲೆಕ್ಕ. ವರ್ತಕ ಮನೆತನಗಳವರು ಈ ಪೆಟ್ಟಿಗೆಯ ಕಥೆಯನ್ನು ಮಕ್ಕಳಿಗೆ ಹೇಳಬಹುದು.

ಇಂಗ್ಲೆಂಡಿನಲ್ಲಿಯೂ ಆಗ ಉಬ್ಬು ಅಕ್ಷರಗಳ ಹಲವು ಪದ್ಧತಿಗಳಿದ್ದು, ಪ್ರತಿಯೊಂದಕ್ಕೂ ಅದನ್ನು ಪೋಷಿಸುವ ದಾನಿಗಳಿದ್ದರು. 1868ರಲ್ಲಿ ಥಾಮಸ್ ರೋಡ್ಸ್ ಆರ್ಮಿಟೇಜ್ ಎಂಬ, ದೃಷ್ಟಿ ಕ್ಷೀಣಿಸಿದ ವೈದ್ಯನು ಸಮಿತಿಯೊಂದನ್ನು ರಚಿಸಿದನು. ಸದಸ್ಯರ ಅರ್ಹತೆಗಳು ಗಮನಾರ್ಹವಾಗಿವೆ. ಅವರು ಅಂಧರಾಗಿರಬೇಕು, ಕನಿಷ್ಠ ಮೂರು ಪದ್ಧತಿಗಳನ್ನು ಓದಬಲ್ಲವರಾಗಿರಬೇಕು, ಯಾವ ಪದ್ಧತಿಯಲ್ಲಿಯೂ ಹಣದ ಹಿತಾಸಕ್ತಿ ಇರಕೂಡದು. ಆ ಸಮಿತಿಯು ಬ್ರೈಲ್ ಲಿಪಿಯನ್ನೇ ಆರಿಸಿತು. ಬಸದಿಗಳ ಆಡಳಿತ ಮಂಡಳಿಗಳು ವಿದ್ಯಾರ್ಥಿ ಸಹಾಯದ ಉಪಸಮಿತಿಗಳನ್ನು ನೇಮಿಸುವಾಗ ಈ ಮೂರು ಅರ್ಹತೆಗಳನ್ನು ಒಮ್ಮೆ ಓದಿಕೊಂಡರೆ ತಪ್ಪೇನೂ ಇಲ್ಲ.

ಭಾರತದಲ್ಲಿ 1887ರಲ್ಲಿ ಅಮೃತಸರದಲ್ಲಿಯೂ 1901ರಲ್ಲಿ ಮೈಸೂರಿನಲ್ಲಿಯೂ ಅಂಧರ ಶಾಲೆಗಳು ಆರಂಭವಾದವು. ಆದರೆ ಪ್ರಾಂತಕ್ಕೊಂದರಂತೆ ಬ್ರೈಲ್ ಸಂಕೇತಗಳು ಹುಟ್ಟಿಕೊಂಡು, ಒಂದು ಕಡೆ ಕಲಿತವನು ಇನ್ನೊಂದು ಕಡೆ ನಿರಕ್ಷರಿಯಾಗುತ್ತಿದ್ದನು. 1951ರಲ್ಲಿ ಭಾರತೀ ಬ್ರೈಲ್ ಅಂಗೀಕೃತವಾದ ಬಳಿಕ ಈ ಗೊಂದಲ ತೊಲಗಿತು. ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಒಂದೇ ಚಿಹ್ನೆ. ಕಾಗುಣಿತದ ಕೊಂಬು, ಗುಡಿಸುಗಳಿಲ್ಲ. ವ್ಯಂಜನದ ಮುಂದೆ ಸ್ವರವನ್ನಿಟ್ಟರೆ ಮುಗಿಯಿತು. ‘ಜಿನ’ ಎಂಬ ಪದಕ್ಕೆ ಮೂರು ಮನೆಗಳು ಸಾಕು: ಜಕಾರಕ್ಕೆ 2, 4, 5, ಇಕಾರಕ್ಕೆ 2, 4, ನಕಾರಕ್ಕೆ 1, 3, 4, 5. ಒತ್ತಕ್ಷರಗಳು ಕೆಳಕ್ಕಿಳಿಯದೆ ಸಾಲಿನಲ್ಲಿಯೇ ಬರುತ್ತವೆ.

ಬ್ರೈಲ್ ಗ್ರಂಥದ ಗಾತ್ರವು ದೊಡ್ಡದು, ಕಾಗದವು ದಪ್ಪ, ಖರ್ಚು ಹೆಚ್ಚು. ಒಂದರ ಮೇಲೊಂದು ಪೇರಿಸಿದರೆ ಚುಕ್ಕೆಗಳು ನಲುಗುತ್ತವೆ. ಆದುದರಿಂದ ಇಂದು ಗಣಕಯಂತ್ರದ ಪರದೆಯಲ್ಲಿರುವುದನ್ನು ಧ್ವನಿಯಾಗಿ ಓದಿಹೇಳುವ ತಂತ್ರಾಂಶಗಳು ಬಹು ಪ್ರಚಾರದಲ್ಲಿವೆ. ಕಚೇರಿ, ಬ್ಯಾಂಕುಗಳಲ್ಲಿ ಅಂಧ ನೌಕರರು ಇವುಗಳ ನೆರವಿನಿಂದ ಕೆಲಸ ಮಾಡುತ್ತಾರೆ. ಎನ್‌ವಿಡಿಎ ಎಂಬ ಅಂಥ ತಂತ್ರಾಂಶವನ್ನು 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಆರಂಭಿಸಿದನು. ಜೇಮ್ಸ್ ಟೆ ಅವನ ಜೊತೆಗೂಡಿದನು. ಇಬ್ಬರೂ ಅಂಧರೇ, ಮತ್ತು ಅದಕ್ಕೆ ಬೆಲೆಯನ್ನಿಡಲಿಲ್ಲ. ಹಾಗೆಂದು ಬ್ರೈಲ್ ಬೇಡವಾಯಿತೆಂದು ತಿಳಿಯಬಾರದು. ಕಿವಿಯಿಂದ ಕೇಳಿದವನಿಗೆ ಪದದ ಕಾಗುಣಿತ ತಿಳಿಯದು. ಗಣಿತ, ಸಂಗೀತ, ವ್ಯಾಕರಣಗಳಿಗೆ ಬೆರಳೇ ಬೇಕು. ಚುಕ್ಕೆಗಳು ತಾವಾಗಿ ಏಳುವ, ಇಳಿಯುವ ಪಟ್ಟಿಕೆಗಳೂ ಬಂದಿವೆ.

ಕಾನೂನಿನ ತೊಡಕೂ ಕಡಿಮೆಯಾಗಿದೆ. ಗ್ರಂಥಸ್ವಾಮ್ಯದ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಗಿ, ಅಂಗವಿಕಲರಿಗಾಗಿ ಪುಸ್ತಕಗಳನ್ನು ಅನುಕೂಲ ರೂಪಕ್ಕೆ ತರಲು ಅವಕಾಶ ದೊರೆಯಿತು. 2013ರ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತವೇ. ಬಸದಿಗಳು ತಾವೇ ಹಕ್ಕು ಹೊಂದಿ ಪ್ರಕಟಿಸುವ ಗ್ರಂಥಗಳಿಗಂತೂ ಪರರ ಅನುಮತಿಯ ಪ್ರಶ್ನೆಯೇ ಇಲ್ಲ.

ಉಳಿದಿರುವುದು ಚಿಕ್ಕದೊಂದು ಕೆಲಸ. ಪುರಾಣ, ಶ್ರಾವಕಾಚಾರ, ಪೂಜಾಪಾಠಗಳ ಪುಟಗಳನ್ನು ಚಿತ್ರವಾಗಿ ತೆಗೆದು ಅಂತರ್ಜಾಲಕ್ಕೆ ಏರಿಸಿದರೆ ಓದಿಹೇಳುವ ತಂತ್ರಾಂಶದ ಪಾಲಿಗೆ ಅದು ಬರಿಯ ಹಾಳೆ. ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ್ದರೆ ಕಣ್ಣಿಗೆ ಕನ್ನಡವಾಗಿ ಕಾಣುವುದು, ಒಳಗಿರುವುದು ರೋಮನ್ ಸಂಕೇತಗಳಾದ್ದರಿಂದ ಯಂತ್ರವು ಅರ್ಥವಿಲ್ಲದ ಶಬ್ದಗಳನ್ನು ಒದರುವುದು. ಅದೇ ಗ್ರಂಥವು ಯುನಿಕೋಡ್ ಕನ್ನಡದಲ್ಲಿದ್ದರೆ ಧ್ವನಿಯಾಗಿಯೂ ಕೇಳಬಹುದು, ಭಾರತೀ ಬ್ರೈಲಿಗೂ ಪರಿವರ್ತಿಸಬಹುದು. ಪ್ರಾಕೃತ ಗಾಥೆಗಳೂ ಸಂಸ್ಕೃತ ಶ್ಲೋಕಗಳೂ ಬೆರೆತಿರುವ ನಮ್ಮ ಗ್ರಂಥಗಳಲ್ಲಿ ಪರಿವರ್ತನೆಯ ದೋಷಗಳು ಉಳಿಯುವ ಸಂಭವವಿರುವುದರಿಂದ, ಕರಡನ್ನು ಬ್ರೈಲ್ ಬಲ್ಲ ಅಂಧ ವಿದ್ವಾಂಸರೊಬ್ಬರಿಂದ ಸಂಭಾವನೆ ಕೊಟ್ಟು ತಿದ್ದಿಸತಕ್ಕದ್ದು.