ವಿರೇಚನದ್ರವ್ಯಗಳ ಪರೀಕ್ಷೆಯೂ ವೈದ್ಯಗ್ರಂಥಗಳ ಪಾಠನಿರ್ಣಯವೂ

ದೃಷ್ಟಿವಾದಕ್ಕೆ ಸೇರಿದ ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವೇ ಆಯುರ್ವೇದಕ್ಕೆ ಮೂಲವೆಂಬುದು ಜೈನ ಪರಂಪರೆಯ ನಿಲುವು. ಆ ಪರಂಪರೆಯನ್ನು ಹೇಳಿಕೊಂಡು ಬಂದ ಗ್ರಂಥಗಳಲ್ಲಿ ರಾಮಗಿರಿಯಲ್ಲಿ ರಚಿತವಾದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕವು ಅಗ್ರಗಣ್ಯವಾದುದು. ಪೂಜ್ಯಪಾದರ ಹೆಸರಿನೊಡನೆ ಪ್ರಸಿದ್ಧವಾದ ವೈದ್ಯಗ್ರಂಥವನ್ನು ಆಧರಿಸಿ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡದಲ್ಲಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯಕ್ಕೇ ಮೀಸಲಾದ ಖಗೇಂದ್ರಮಣಿದರ್ಪಣವನ್ನು ಬರೆದನು. ಈ ಗ್ರಂಥಗಳ ಸಾಹಿತ್ಯಗುಣವನ್ನೂ ಕಾಲವನ್ನೂ ಕುರಿತು ವಿದ್ವಾಂಸರು ಬಹಳವಾಗಿ ಚರ್ಚಿಸಿದ್ದಾರೆ. ಅವುಗಳಲ್ಲಿ ಹೇಳಿರುವ ಔಷಧಗಳನ್ನು ಇಂದಿನ ವೈದ್ಯವಿಜ್ಞಾನವು ಪರೀಕ್ಷಿಸಹೊರಟರೆ ಹಸ್ತಪ್ರತಿಶಾಸ್ತ್ರಜ್ಞನ ಹೊಣೆ ಯಾವುದು ಎಂಬ ಪ್ರಶ್ನೆಯಾದರೋ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಬಹುಕಾಲದ ಮಲಬದ್ಧತೆಗೆ ಕೊಡುವ ಸಸ್ಯೌಷಧಗಳನ್ನು ಉದಾಹರಣೆಯಾಗಿಟ್ಟುಕೊಂಡು ಆ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ, ಪರೀಕ್ಷೆಗೆ ಒಳಗಾಗಿ ನಿಂತಿರುವ ಒಂದು ಔಷಧವನ್ನು ನೋಡಬಹುದು. ಸೋನಾಮುಖಿ ಅಥವಾ ನೆಲಾವರಿಕೆ ಎಂದು ನಮ್ಮಲ್ಲಿ ಕರೆಯುವ ಗಿಡದ ಎಲೆಯು ಅರಬ್ಬೀ ವೈದ್ಯರ ಮೂಲಕ ಲೋಕಪ್ರಸಿದ್ಧವಾಯಿತು. ಚರಕ, ಸುಶ್ರುತ, ವಾಗ್ಭಟರ ವಿರೇಚನದ್ರವ್ಯಗಳ ಪಟ್ಟಿಯಲ್ಲಿ ಇದಿಲ್ಲ. ಯುನಾನಿ ವೈದ್ಯದ ಸಂಪರ್ಕದಿಂದಲೇ ಇದು ಭಾರತದ ವೈದ್ಯರ ಬಳಕೆಗೆ ಬಂದಿತು. 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆರ್ಥರ್ ಸ್ಟೋಲ್ ಮತ್ತು ಅವರ ಸಂಗಡಿಗರು ಈ ಎಲೆಯ ಕಾರ್ಯಕಾರಿ ಅಂಶವನ್ನು ಬೇರ್ಪಡಿಸಿ ಅದಕ್ಕೆ ಸೆನ್ನೊಸೈಡ್ ಎಂದು ಹೆಸರಿಟ್ಟರು. ಈ ಅಂಶವು ಸಣ್ಣ ಕರುಳಿನಲ್ಲಿ ಹೀರಲ್ಪಡದೆ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಹುಟ್ಟುವ ಪದಾರ್ಥವು ಕರುಳಿನ ಚಲನೆಯನ್ನು ಹೆಚ್ಚಿಸಿ, ನೀರು ಅಲ್ಲಿಯೇ ಉಳಿಯುವಂತೆ ಮಾಡುತ್ತದೆ. ರಾತ್ರಿ ತೆಗೆದುಕೊಂಡ ಔಷಧವು ಬೆಳಿಗ್ಗೆ ಫಲಕೊಡುವುದಕ್ಕೆ ಇದೇ ಕಾರಣ.

ಅಂಶವನ್ನು ಬೇರ್ಪಡಿಸಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. 2021ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನದಲ್ಲಿ ಬಹುಕಾಲದ ಮಲಬದ್ಧತೆಯುಳ್ಳ 90 ರೋಗಿಗಳನ್ನು ಯಾದೃಚ್ಛಿಕವಾಗಿ ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ದಿನಕ್ಕೆ 1 ಗ್ರಾಂ ಸೋನಾಮುಖಿ, ಇನ್ನೊಂದಕ್ಕೆ 1.5 ಗ್ರಾಂ ಮೆಗ್ನೀಸಿಯಂ ಆಕ್ಸೈಡ್, ಮತ್ತೊಂದಕ್ಕೆ ಔಷಧಗುಣವಿಲ್ಲದ ತೋರಿಕೆಯ ಮದ್ದು, ಹೀಗೆ 28 ದಿನಗಳ ಕಾಲ ಕೊಡಲಾಯಿತು. ಒಟ್ಟಾರೆ ಗುಣ ಕಂಡವರ ಪ್ರಮಾಣ ಸೋನಾಮುಖಿಯ ಗುಂಪಿನಲ್ಲಿ ಶೇ. 69.2, ಮೆಗ್ನೀಸಿಯಂ ಗುಂಪಿನಲ್ಲಿ ಶೇ. 68.3, ತೋರಿಕೆಯ ಮದ್ದಿನ ಗುಂಪಿನಲ್ಲಿ ಶೇ. 11.7. ಆದರೂ 2023ರಲ್ಲಿ ಅಮೆರಿಕದ ಜಠರಕರುಳು ವೈದ್ಯರ ಎರಡು ಸಂಘಗಳು ಕೂಡಿ ಹೊರಡಿಸಿದ ಮಾರ್ಗದರ್ಶಿಯು ಸೋನಾಮುಖಿಯನ್ನು ಷರತ್ತಿಗೊಳಪಟ್ಟೇ ಶಿಫಾರಸು ಮಾಡಿತು. ಕೆಲವು ವಾರಗಳ ಪರೀಕ್ಷೆಯಿಂದ ವರ್ಷಗಟ್ಟಲೆ ಸೇವನೆಯ ಪರಿಣಾಮವನ್ನು ನಿರ್ಣಯಿಸಲಾಗದಷ್ಟೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಪರೀಕ್ಷಕರಿಗೆ ಗಿಡ ಯಾವುದು, ಪ್ರಮಾಣವೆಷ್ಟು, ಯಾವ ರೋಗಕ್ಕೆ ಎಂಬ ಮೂರೂ ಮೊದಲೇ ನಿಶ್ಚಿತವಾಗಿದ್ದವು. ತಾಳೆಗರಿಯಿಂದ ಎತ್ತಿಕೊಂಡ ಯೋಗದ ವಿಷಯದಲ್ಲಿ ಈ ಮೂರೂ ಸಾಧ್ಯವಸ್ತುಗಳೇ ಹೊರತು ಸಿದ್ಧವಸ್ತುಗಳಲ್ಲ. ಅವುಗಳನ್ನು ಸಾಧಿಸಿಕೊಡಬೇಕಾದವನು ಗ್ರಂಥಸಂಪಾದಕನು.

ಮೊದಲನೆಯದು ದ್ರವ್ಯನಿರ್ಣಯ. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ 245 ವಿರೇಚನಯೋಗಗಳಿವೆ. ಶ್ಯಾಮಾ-ತ್ರಿವೃತ್ತಿನವು 110, ಆರಗ್ವಧದವು 12, ತಿಲ್ವಕದವು 16, ಸುಧಾ ಅಥವಾ ಕಳ್ಳಿಯವು 20, ಸಪ್ತಲಾ-ಶಂಖಿನಿಗಳವು 39, ದಂತಿ-ದ್ರವಂತಿಗಳವು 48. ಇವುಗಳಲ್ಲಿ ಆರಗ್ವಧವು ನಮ್ಮ ಕಕ್ಕೆಮರವೆಂಬುದರಲ್ಲಿ ಸಂದೇಹವಿಲ್ಲ. ತಿಲ್ವಕದ ಸ್ಥಿತಿ ಬೇರೆ. ನಿಘಂಟುಕಾರರು ಇದನ್ನು ಲೋಧ್ರದೊಡನೆ ಸಮೀಕರಿಸಿದ್ದಾರೆ. ಲೋಧ್ರವಾದರೋ ಕಷಾಯರಸಪ್ರಧಾನವಾದ, ಸ್ರಾವವನ್ನೂ ಅತಿಸಾರವನ್ನೂ ತಡೆಯುವ ದ್ರವ್ಯ. ಒಂದೇ ಹೆಸರಿನಡಿಯಲ್ಲಿ ಮಲವನ್ನು ಹೊರಡಿಸುವ ವಸ್ತುವೂ ಹಿಡಿದು ನಿಲ್ಲಿಸುವ ವಸ್ತುವೂ ಬಂದು ಕುಳಿತಾಗ, ಪರೀಕ್ಷೆಯು ವಿಫಲವಾದರೆ ದೋಷವು ಗ್ರಂಥದ್ದೋ ಗುರುತಿನದ್ದೋ ಎಂದು ಹೇಳಲು ಬರುವುದಿಲ್ಲ. ತಿಗಡೆ ಎಂದು ಕನ್ನಡದಲ್ಲಿ ಕರೆಯುವ ತ್ರಿವೃತ್ತಿನ ಹೆಸರಿನಲ್ಲಿಯೂ ಪೇಟೆಯಲ್ಲಿ ಬೇರೊಂದು ಜಾತಿಯ ಬಳ್ಳಿಯ ಬೇರು ಮಾರಾಟವಾಗುವುದುಂಟು. ಕನ್ನಡ ವೈದ್ಯಗ್ರಂಥಗಳ ಮಹತ್ವ ಇಲ್ಲಿದೆ. ಸಂಸ್ಕೃತನಾಮವು ಸಂದಿಗ್ಧವಾದೆಡೆ ಕನ್ನಡ ಕವಿಯೂ ಟೀಕಾಕಾರನೂ ಕೊಡುವ ದೇಶ್ಯನಾಮವು, ಆ ಕಾಲದ ವೈದ್ಯನು ಕಾಡಿನಿಂದ ತರುತ್ತಿದ್ದ ಗಿಡ ಯಾವುದೆಂಬುದಕ್ಕೆ ಸಾಕ್ಷಿಯಾಗುತ್ತದೆ. ಇಂತಹ ದೇಶ್ಯನಾಮಗಳನ್ನು ಪ್ರತಿಗಳಲ್ಲಿದ್ದಂತೆಯೇ ಉಳಿಸಬೇಕು. ಪ್ರಸಿದ್ಧ ಸಂಸ್ಕೃತರೂಪಕ್ಕೆ ತಿದ್ದಿದರೆ ಆ ಸಾಕ್ಷ್ಯವೇ ನಷ್ಟವಾಗುತ್ತದೆ.

ಎರಡನೆಯದು ಪ್ರಮಾಣನಿರ್ಣಯ. ಕನ್ನಡ ಲಿಪಿಯಲ್ಲಿ ಪಕಾರಕ್ಕೂ ಫಕಾರಕ್ಕೂ ಇರುವ ಭೇದ ಒಂದು ಸಣ್ಣ ಗೀರು ಮಾತ್ರ. ಹುಳು ತಿಂದ ಅಥವಾ ಮಸಿ ಅಳಿಸಿದ ಗರಿಯಲ್ಲಿ ಅದು ಕಾಣಿಸದಿದ್ದರೆ ‘ಫಲ’ವು ‘ಪಲ’ವಾಗುತ್ತದೆ. ಮೊದಲನೆಯದು ಹಣ್ಣು, ಎರಡನೆಯದು ತೂಕ. ತ್ರಿಫಲವೆಂದರೆ ಅಳಲೆ, ತಾರೆ, ನೆಲ್ಲಿಗಳ ಕೂಟ. ತ್ರಿಪಲವೆಂದರೆ ಮೂರು ಪಲ, ಪಲಕ್ಕೆ 48 ಗ್ರಾಮಿನ ಈಗಿನ ಅಂಗೀಕೃತ ಲೆಕ್ಕದಲ್ಲಿ 144 ಗ್ರಾಂ. ಕಾವ್ಯದಲ್ಲಿ ಇಂತಹ ಸ್ಖಾಲಿತ್ಯವು ಅರ್ಥಕ್ಲೇಶವನ್ನು ತಂದರೆ, ವಿರೇಚನಯೋಗದಲ್ಲಿ ಪ್ರಾಣಕ್ಕೇ ಸಂಚಕಾರ ತರಬಲ್ಲದು. ಕಳ್ಳಿಯ ಹಾಲು ತೀಕ್ಷ್ಣವಿರೇಚನಗಳಲ್ಲಿ ಮೊದಲನೆಯದೆಂದು ಚರಕನೇ ಎಣಿಸಿದ್ದಾನೆ. ಇಂತಹ ದ್ರವ್ಯದಲ್ಲಿ ಔಷಧಕ್ಕೂ ವಿಷಕ್ಕೂ ನಡುವಿನ ಗೆರೆಯನ್ನು ಪ್ರಮಾಣವೊಂದೇ ಎಳೆಯುತ್ತದೆ. ಆದುದರಿಂದ ಸಂಖ್ಯೆ, ತೂಕ, ಅಳತೆಗಳಿರುವ ಪದ್ಯಗಳಲ್ಲಿ ಪಾಠಾಂತರಗಳನ್ನು ಆಯ್ದು ಕೊಡದೆ ಸಮಗ್ರವಾಗಿ ಕೊಡುವುದು ಅವಶ್ಯ.

ಮೂರನೆಯದು ಪ್ರಯೋಜನನಿರ್ಣಯ. ವಿರೇಚನ ಎಂದಾಕ್ಷಣ ಮಲಬದ್ಧತೆಯ ನಿತ್ಯೌಷಧವೆಂದು ಭಾವಿಸುವುದು ಶಾಸ್ತ್ರಸಮ್ಮತವಲ್ಲ. ವಿರೇಚನವು ಪಂಚಕರ್ಮಗಳಲ್ಲೊಂದು, ಸ್ನೇಹಸ್ವೇದಗಳ ಅನಂತರ, ಕೋಷ್ಠವು ಮೃದುವೋ ಮಧ್ಯಮವೋ ಕ್ರೂರವೋ ಎಂದು ನೋಡಿ ಮಾಡುವ ಶೋಧನ. ಶಾರ್ಙ್ಗಧರನು ಈ ಭೇದವನ್ನು ಬಹು ಸ್ಪಷ್ಟವಾಗಿ ತೋರಿಸಿದ್ದಾನೆ. ಮಲವನ್ನು ಪಕ್ವಗೊಳಿಸಿ ಕೆಳಗೆ ಒಯ್ಯುವುದು ಅನುಲೋಮನ, ಅದಕ್ಕೆ ಹರೀತಕಿ ನಿದರ್ಶನ. ಪಕ್ವವಾಗಬೇಕಾದುದನ್ನು ಪಕ್ವವಾಗುವ ಮುನ್ನವೇ ಇಳಿಸುವುದು ಸ್ರಂಸನ, ಅದಕ್ಕೆ ಕಕ್ಕೆ. ಗಟ್ಟಿಯಾದುದನ್ನು ಒಡೆಯುವುದು ಭೇದನ, ಅದಕ್ಕೆ ಕಟುಕಿ. ಪಕ್ವಾಪಕ್ವಗಳೆರಡನ್ನೂ ದ್ರವವಾಗಿಸಿ ಹೊರಡಿಸುವುದು ರೇಚನ, ಅದಕ್ಕೆ ತ್ರಿವೃತ್. ಇದು ಬರಿಯ ಶಬ್ದವಿಭಾಗವಾಗಿ ಉಳಿದಿಲ್ಲ. ಕಕ್ಕೆಯಲ್ಲಿ ಸೋನಾಮುಖಿಯ ವರ್ಗಕ್ಕೆ ಸೇರಿದ ಅಂಶಗಳಿವೆಯೆಂದೂ, ತ್ರಿವೃತ್ತಿನ ಬೇರಿನಲ್ಲಿ ತೀರ ಬೇರೆಯಾದ ರಾಳದ ಜಾತಿಯ ಅಂಶವಿದೆಯೆಂದೂ ರಸಾಯನಶಾಸ್ತ್ರವು ಕಂಡುಕೊಂಡಿದೆ. ಒಂದು ದಿನದ ಶೋಧನಕ್ಕೆ ಹೇಳಿದ ತ್ರಿವೃತ್ತನ್ನು ತಿಂಗಳುಗಟ್ಟಲೆ ಕೊಟ್ಟು ಪರೀಕ್ಷಿಸಿದರೆ, ಗ್ರಂಥಕಾರನು ಹೇಳದೇ ಇದ್ದುದನ್ನು ಪರೀಕ್ಷಿಸಿದಂತಾಯಿತು.

ಇವುಗಳೊಡನೆ ಜೈನ ವೈದ್ಯಗ್ರಂಥಗಳಿಗೇ ವಿಶಿಷ್ಟವಾದ ವಿಚಾರವೊಂದುಂಟು. ಚರಕನ ತ್ರಿವೃತ್ಕಲ್ಪದಲ್ಲಿ ಜೇನು, ಮದ್ಯ, ಮಾಂಸರಸಗಳು ಔಷಧದ ಸಹವಾಹಕಗಳಾಗಿ ಬರುತ್ತವೆ. ಉಗ್ರಾದಿತ್ಯರು ಕಲ್ಯಾಣಕಾರಕದ ಅಂತ್ಯದಲ್ಲಿ ಸೇರಿಸಿರುವ ಹಿತಾಹಿತಾಧ್ಯಾಯದಲ್ಲಿ, ನೃಪತುಂಗನ ಸಭೆಯಲ್ಲಿ ಮಾಂಸಸೇವನೆಯ ವೈದ್ಯಕೀಯ ಸಮರ್ಥನೆಯನ್ನು ಖಂಡಿಸಿದುದು ವಿದ್ವಾಂಸರಿಗೆ ವಿದಿತವೇ ಇದೆ. ಮದ್ಯ-ಮಾಂಸ-ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದುದು. ಅನುಪಾನವು ಬದಲಾದರೆ ಯೋಗವೇ ಬದಲಾಗುತ್ತದೆ; ಚರಕನ ಯೋಗವನ್ನು ಪರೀಕ್ಷಿಸಿ ಬಂದ ಫಲವನ್ನು ಜೈನಾಚಾರ್ಯರ ಯೋಗಕ್ಕೆ ಹಾಗೆಯೇ ಆರೋಪಿಸಲು ಬಾರದು. ಆದುದರಿಂದ ಅನುಪಾನವನ್ನು ಹೇಳುವ ಸ್ಥಳಗಳಲ್ಲಿ, ಅನ್ಯ ಸಂಹಿತೆಗಳ ಬಲದಿಂದ ಪಾಠವನ್ನು ಪೂರಣಮಾಡುವ ಪದ್ಧತಿಯನ್ನು ಸಂಪಾದಕರು ಕೈಬಿಡುವುದು ಲೇಸು. ಹಾಗೆ ಪೂರಣಮಾಡಿದರೆ ಗ್ರಂಥಕರ್ತೃವು ಉದ್ದೇಶಪೂರ್ವಕವಾಗಿ ತೊರೆದುದನ್ನೇ ಆತನ ಬಾಯಲ್ಲಿ ಇಟ್ಟಂತಾಗಬಹುದು.

ಸಂಸ್ಕೃತ ಕಲ್ಯಾಣಕಾರಕವು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದಿ ಅನುವಾದದೊಡನೆ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಸೆನ್ನೊಸೈಡ್ ಬೆಳಕಿಗೆ ಬಂದುದೂ ಆ ದಶಕದಲ್ಲಿಯೇ. ಒಂದು ಎಲೆಯು ಅಂದಿನಿಂದ ಪರೀಕ್ಷೆಯ ಮೇಲೆ ಪರೀಕ್ಷೆಗೆ ಒಳಗಾಗಿ ತನ್ನ ಶಕ್ತಿಯನ್ನೂ ಮಿತಿಯನ್ನೂ ಪ್ರಕಟಿಸಿದೆ. ನಮ್ಮ ಆಚಾರ್ಯರು ಹೇಳಿದ ದ್ರವ್ಯಗಳಿಗೂ ಅಂತಹ ನಿಷ್ಪಕ್ಷಪಾತ ಪರೀಕ್ಷೆ ಸಲ್ಲಬೇಕು. ‘ಪ್ರಾಚೀನರು ಹೇಳಿದ್ದಾರೆ’ ಎಂಬುದೇ ಗುಣಕ್ಕೆ ಪ್ರಮಾಣವಾಗದು. ಅದೇ ರೀತಿ, ಅಶುದ್ಧಪಾಠದಿಂದ ಹೊರಟ ಪರೀಕ್ಷೆಯ ವೈಫಲ್ಯವು ಪ್ರಾಚೀನರ ದೋಷಕ್ಕೂ ಪ್ರಮಾಣವಾಗದು. ವೈದ್ಯಗ್ರಂಥಗಳ ಮುಂದಿನ ಆವೃತ್ತಿಗಳಲ್ಲಿ ದ್ರವ್ಯನಾಮ, ಪ್ರಮಾಣ, ಕರ್ಮ, ಅನುಪಾನ ಎಂಬ ನಾಲ್ಕು ಅಂಕಣಗಳ ಅನುಕ್ರಮಣಿಕೆಯನ್ನು, ಪ್ರತಿಯೊಂದರ ಮುಂದೆ ಪ್ರತಿಗಳ ಪಾಠಾಂತರಗಳೊಡನೆ, ಸೇರಿಸುವುದಾದರೆ ವೈದ್ಯನಿಗೂ ಸಂಶೋಧಕನಿಗೂ ಅದು ದಾರಿದೀಪವಾದೀತು. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸಿದ ಪರಂಪರೆಯಲ್ಲಿ, ಶುದ್ಧಪಾಠವನ್ನು ಕೊಡುವುದು ಶಾಸ್ತ್ರದಾನವೂ ಹೌದು, ಔಷಧದಾನವೂ ಹೌದು.