ಕಾರ್ಯಪ್ಪನವರು ಒಲ್ಲೆನೆಂದ ಉಪಕಾರ

ಬಡವನಹಳ್ಳಿಯ ಕಡೆಯಿಂದ ಮಧುಗಿರಿಯ ಮಾರ್ಗವಾಗಿ ಹಿಂದೂಪುರಕ್ಕೆ ಹೋಗುವವರು ಒಂದು ಗಡಿಯನ್ನು ದಾಟುತ್ತಾರೆ. ವ್ಯಾಪಾರಕ್ಕೂ ನೆಂಟಸ್ತಿಕೆಗೂ ದಾಟುವ ಆ ಗೆರೆಯ ಎರಡೂ ಕಡೆ ಕನ್ನಡ, ತೆಲುಗು ಎರಡೂ ಕೇಳಿಬರುತ್ತವೆ. ಬಂದೂಕು ಹಿಡಿದವರು ಕಾಯುವ ಗಡಿಯ ಮಾತೇ ಬೇರೆ. ಅಂತಹ ಗಡಿಯ ಎರಡು ಬದಿಯ ಸೈನಿಕರಲ್ಲಿ ಸ್ನೇಹವುಂಟಾದುದನ್ನು ತೋರಿಸುವ ಚಲನಚಿತ್ರಗಳು ಬಂದಿವೆ. 1914ರ ಡಿಸೆಂಬರಿನಲ್ಲಿ ಪರಸ್ಪರ ಹೋರಾಡುತ್ತಿದ್ದ ಸೈನಿಕರು ಕಂದಕಗಳಿಂದ ಮೇಲೆದ್ದು ಬಂದು ಕ್ರಿಸ್‌ಮಸ್ ಹಬ್ಬವನ್ನು ಕೂಡಿ ಆಚರಿಸಿದ ಘಟನೆಯನ್ನಾಧರಿಸಿ 2005ರಲ್ಲಿ ತೆರೆಕಂಡ ಫ್ರೆಂಚ್ ಚಿತ್ರ ಇದಕ್ಕೊಂದು ನಿದರ್ಶನ. ನೋಡುವವರ ಕಣ್ಣು ತೇವವಾಗುವುದು ಸಹಜವೇ. ಆದರೆ ಅಂತಹ ಸ್ನೇಹವು ಒಂದು ರಾತ್ರಿಗೆ ಮುಗಿಯದೆ ವರ್ಷಾನುಗಟ್ಟಲೆ ಉಳಿದರೆ ಅದು ಮನುಷ್ಯನನ್ನು ಹೇಗೆ ಪರೀಕ್ಷಿಸುತ್ತದೆ ಎಂಬುದಕ್ಕೆ ಕನ್ನಡ ನಾಡಿನವರಾದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಜೀವನದಲ್ಲಿಯೇ ಉದಾಹರಣೆಯುಂಟು.

1947ರಲ್ಲಿ ದೇಶದೊಡನೆ ಸೇನೆಯೂ ಇಬ್ಭಾಗವಾಯಿತು. ಅವಿಭಕ್ತ ಕುಟುಂಬದ ಸೊತ್ತು ಪಾಲಾಗುವಂತೆ ದಳಗಳು, ಆಯುಧಗಳು, ಲೆಕ್ಕದ ಪುಸ್ತಕಗಳೆಲ್ಲ ಎರಡು ಪಾಲಾದವು. ಸ್ವಾತಂತ್ರ್ಯಕ್ಕೆ ಕೆಲವೇ ದಿನಗಳ ಮುಂಚೆ ದೆಹಲಿಯ ಜಿಮ್ಖಾನಾ ಕ್ಲಬ್ಬಿನಲ್ಲಿ ಪಾಕಿಸ್ತಾನಕ್ಕೆ ಹೊರಟ ಅಧಿಕಾರಿಗಳಿಗೆ ಬೀಳ್ಕೊಡುಗೆ ಏರ್ಪಟ್ಟಿತು. ಅಂದು ಕಾರ್ಯಪ್ಪನವರು, ಹಿಂದೂ ಸಿಪಾಯಿಯೊಬ್ಬನೂ ಮುಸಲ್ಮಾನ ಸಿಪಾಯಿಯೊಬ್ಬನೂ ಜೊತೆಜೊತೆಯಾಗಿ ನಿಂತ ಬೆಳ್ಳಿಯ ಪ್ರತಿಮೆಯನ್ನು ಹೊರಟವರಿಗೆ ಕಾಣಿಕೆಯಾಗಿ ನೀಡಿದರು. ಮೂರು ತಿಂಗಳು ಕಳೆಯುವುದರೊಳಗೆ ಕಾಶ್ಮೀರದಲ್ಲಿ ಯುದ್ಧ ಹೊತ್ತಿಕೊಂಡಿತು. ಬೆಳ್ಳಿಯ ಕಾಣಿಕೆ ಕೊಟ್ಟ ಕಾರ್ಯಪ್ಪನವರೇ 1948ರಲ್ಲಿ ಪಶ್ಚಿಮ ವಲಯದ ಸೇನೆಯ ಮುಖ್ಯಸ್ಥರಾಗಿ ಆ ಯುದ್ಧವನ್ನು ನಡೆಸಬೇಕಾಯಿತು. ಜೋಜಿಲಾ ಕಣಿವೆಯೂ ಕಾರ್ಗಿಲ್ಲೂ ಮರಳಿ ಕೈಸೇರಿದ್ದು ಅವರ ಅಧಿಕಾರದ ಅವಧಿಯಲ್ಲೇ. 1949ರ ಜನವರಿ 15ರಂದು ಅವರು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು.

ವಿಭಜನೆಗೆ ಮುನ್ನ ವಾಯವ್ಯ ಗಡಿನಾಡಿನಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರಲ್ಲಿ ಅಯೂಬ್ ಖಾನ್ ಒಬ್ಬರು. ಅವರು 1951ರಲ್ಲಿ ಪಾಕಿಸ್ತಾನದ ಸೇನಾಪತಿಯಾಗಿ, 1958ರಲ್ಲಿ ಸೈನಿಕ ಆಡಳಿತದ ಮೂಲಕ ಅಧ್ಯಕ್ಷರಾದರು. ಹಳೆಯ ಮೇಲಧಿಕಾರಿಯಲ್ಲಿ ಅವರಿಗಿದ್ದ ಗೌರವ ಮಾತ್ರ ಅಳಿಯಲಿಲ್ಲ. ಇದನ್ನು ಹೇಳಿದ ಮಾತ್ರಕ್ಕೆ 1965ರ ಆಗಸ್ಟಿನಲ್ಲಿ ಕಾಶ್ಮೀರದೊಳಕ್ಕೆ ನುಸುಳುಕೋರರನ್ನು ಕಳುಹಿಸಿ ಯುದ್ಧಕ್ಕೆ ಕಾರಣವಾದ ಹೊಣೆಯಿಂದ ಅಯೂಬರನ್ನು ಬಿಡಿಸಿದಂತಾಗುವುದಿಲ್ಲ. ಒಬ್ಬನ ಸ್ನೇಹದ ಗುಣ ಒಂದು, ಅವನ ರಾಜ್ಯಭಾರದ ಲೆಕ್ಕ ಇನ್ನೊಂದು.

ಆ ಯುದ್ಧದ ಕೊನೆಯ ಘಟ್ಟದಲ್ಲಿ, ಸೆಪ್ಟೆಂಬರ್ 22ರಂದು, ಕಾರ್ಯಪ್ಪನವರ ಮಗ, ವಾಯುಸೇನೆಯ ಅಧಿಕಾರಿ ಕೆ.ಸಿ. ಕಾರ್ಯಪ್ಪ ನಡೆಸುತ್ತಿದ್ದ ಹಂಟರ್ ವಿಮಾನ ಗುಂಡೇಟಿಗೆ ಉರುಳಿತು. ಅವರು ಹೊರಜಿಗಿದು ಬದುಕಿದರು, ಆದರೆ ಬೆನ್ನೆಲುಬಿಗೆ ಪೆಟ್ಟಾಗಿ ಸೆರೆಸಿಕ್ಕರು. ನಿವೃತ್ತರಾದ ತಂದೆ ಆಗ ಮಡಿಕೇರಿಯ 'ರೋಷನಾರಾ' ಮನೆಯಲ್ಲಿ ವಾಸವಾಗಿದ್ದರು. ಸೆರೆಯಾಳು ಯಾರ ಮಗನೆಂದು ತಿಳಿದೊಡನೆ ಅಯೂಬರು ದೆಹಲಿಯಲ್ಲಿದ್ದ ತಮ್ಮ ರಾಯಭಾರ ಕಚೇರಿಯ ಮೂಲಕ ಸುದ್ದಿ ಮುಟ್ಟಿಸಿದರು. ಬಯಸಿದರೆ ಮಗನನ್ನು ಬಿಡುಗಡೆ ಮಾಡಬಹುದೆಂಬ ಸೂಚನೆಯೂ ಅದರಲ್ಲಿತ್ತು. ಕಾರ್ಯಪ್ಪನವರು ಒಪ್ಪಲಿಲ್ಲ. ಅವನೀಗ ನನ್ನೊಬ್ಬನ ಮಗನಲ್ಲ, ದೇಶಕ್ಕಾಗಿ ಹೋರಾಡಿದ ಸೈನಿಕ. ಬಿಡುವುದಾದರೆ ಎಲ್ಲ ಸೆರೆಯಾಳುಗಳನ್ನೂ ಬಿಡಿ, ಇಲ್ಲವೇ ಯಾರನ್ನೂ ಬಿಡಬೇಡಿ, ಅವನಿಗೆ ವಿಶೇಷ ಸೌಕರ್ಯವೂ ಬೇಡ ಎಂಬ ತಾತ್ಪರ್ಯದ ಉತ್ತರ ಹೋಯಿತು.

ಇದು ತಂದೆಗೆ ತಕ್ಕ ಉತ್ತರವೇ ಎಂದು ಕೇಳುವವರಿದ್ದಾರೆ. ಅಂಗಡಿಯ ಲೆಕ್ಕ ಬಲ್ಲವರಿಗೆ ಇನ್ನೊಂದು ಬದಿಯೂ ಕಾಣುತ್ತದೆ. ಆ ಉಪಕಾರವನ್ನು ಪಡೆದಿದ್ದರೆ ಅದು ಕಾರ್ಯಪ್ಪನವರ ಹೆಸರಿನಲ್ಲಿ ಜಮೆಯಾಗುತ್ತಿತ್ತು. ಸೆರೆಯಲ್ಲೇ ಉಳಿದ ಇತರ ಸೈನಿಕರ ತಂದೆತಾಯಿಗಳ ಹೆಸರಿನಲ್ಲಿ ಖರ್ಚು ಬೀಳುತ್ತಿತ್ತು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಆಚಾರ್ಯರು ಮೈತ್ರಿಯನ್ನು ಸಕಲ ಜೀವಿಗಳಿಗೂ, ಕಾರುಣ್ಯವನ್ನು ಸಂಕಟದಲ್ಲಿರುವವರೆಲ್ಲರಿಗೂ ವಿಧಿಸಿದ್ದಾರೆ. ಅಲ್ಲಿ ಸ್ವಂತ ಮಗನಿಗೆಂದು ಬೇರೆ ಪಾಲನ್ನು ತೆಗೆದಿರಿಸಿಲ್ಲ. ಮಗನ ಮೇಲಿನ ಪ್ರೀತಿ ಕಾರ್ಯಪ್ಪನವರಿಗೆ ಕಡಿಮೆಯಿತ್ತೆಂದು ಭಾವಿಸಲು ಕಾರಣವಿಲ್ಲ. ಆ ಪ್ರೀತಿಯ ಬೆಲೆಯನ್ನು ಬೇರೆಯವರು ತೆರುವುದು ಅವರಿಗೆ ಬೇಡವಾಗಿತ್ತು. ಸ್ನೇಹಿತನ ಮಾತನ್ನು ಮಾನ್ಯಮಾಡಿ, ಅವನು ಚಾಚಿದ ವರವನ್ನು ಮಾತ್ರ ಹಿಂದಿರುಗಿಸುವುದು ಸುಲಭದ ಕೆಲಸವಲ್ಲ. ಸಣ್ಣ ಸಣ್ಣ ಶಿಫಾರಸುಗಳಿಗೂ ಬಾಗುವ ಊರಿನ ಸಾರ್ವಜನಿಕ ಜೀವನವನ್ನು ಕಂಡವರಿಗೆ ಇದು ಚೆನ್ನಾಗಿ ಗೊತ್ತು.

ಅಯೂಬರು ಈ ನಿರಾಕರಣೆಯಿಂದ ಮುನಿಯಲಿಲ್ಲ. ಅವರ ಪತ್ನಿಯೂ ಹಿರಿಯ ಮಗನೂ ಆಸ್ಪತ್ರೆಗೆ ಬಂದು ಗಾಯಾಳುವನ್ನು ಕಂಡು, ಓದಲೆಂದು ವುಡ್‌ಹೌಸ್‌ನ ಒಂದು ಹಾಸ್ಯ ಕಾದಂಬರಿಯನ್ನು ಕೊಟ್ಟುಹೋದರು. ಆಸ್ಪತ್ರೆಯಲ್ಲಿ ಕಂಡು ಮಾತನಾಡಿಸುವುದು ಯಾರ ಪಾಲನ್ನೂ ಕಸಿಯುವುದಿಲ್ಲ. ತಾಷ್ಕೆಂಟ್ ಒಪ್ಪಂದದ ನಂತರ, 1966ರ ಜನವರಿಯಲ್ಲಿ ಎರಡೂ ಕಡೆಯ ಸೆರೆಯಾಳುಗಳ ವಿನಿಮಯವಾದಾಗ ಕೆ.ಸಿ. ಕಾರ್ಯಪ್ಪನವರು ಉಳಿದವರೊಡನೆ ಸ್ವದೇಶಕ್ಕೆ ಮರಳಿದರು. ಮುಂದೆ ಅವರು ವಾಯುಸೇನೆಯಲ್ಲೇ ಮುಂದುವರಿದು, ಏರ್ ಮಾರ್ಷಲ್ ಪದವಿಯವರೆಗೆ ಏರಿ ನಿವೃತ್ತರಾದರು.