ಬೋರ್ಡಿನಲ್ಲಿ ಏನಿದೆ, ಎಲ್ಲಿದೆ, ಕಣ್ಣಿಗೆ ಬಿತ್ತೇ?

ದೊಡ್ಡ ಸಮಾವೇಶ ಕೇಂದ್ರಗಳಲ್ಲಿ ಬೋರ್ಡುಗಳಿಗೆ ಬರವಿಲ್ಲ. ಆದರೂ ನೋಂದಣಿ ಕೌಂಟರಿನವರು ದಿನವಿಡೀ ಉತ್ತರಿಸುವುದು ಎರಡೇ ಪ್ರಶ್ನೆಗೆ: 'ಮೂರನೇ ಹಾಲ್ ಯಾವ ಕಡೆ?', 'ಟಾಯ್ಲೆಟ್ ಎಲ್ಲಿ?' ಎಷ್ಟೋ ಸಲ ಉತ್ತರ ಕೇಳುವವರ ತಲೆಯ ಮೇಲೆಯೇ ತೂಗುತ್ತಿರುತ್ತದೆ. ಓದದೆ ಬರುವ ಜನರದೇ ತಪ್ಪು ಎಂದು ಕೈತೊಳೆದುಕೊಳ್ಳುವುದು ಸುಲಭ. ದಾರಿಸೂಚನೆಯನ್ನು ಶಾಸ್ತ್ರವಾಗಿ ಬೆಳೆಸಿದ ವಿನ್ಯಾಸಕಾರರೂ ಮನೋವಿಜ್ಞಾನಿಗಳೂ ಆರು ದಶಕಗಳಲ್ಲಿ ಬೇರೆಯೇ ತೀರ್ಮಾನಕ್ಕೆ ಬಂದಿದ್ದಾರೆ. ಬೋರ್ಡಿನಲ್ಲಿ ಏನಿರಬೇಕು ಎಂಬಲ್ಲಿ ಶುರುವಾದ ಹುಡುಕಾಟ, ಅದು ಎಲ್ಲಿರಬೇಕು ಎಂಬಲ್ಲಿಗೆ ಹೊರಳಿ, ಈಗ ಅದು ಕಣ್ಣಿಗೆ ಬಿತ್ತೇ ಎಂಬ ಪ್ರಶ್ನೆಗೆ ಬಂದು ಮುಟ್ಟಿದೆ.

ಅಕ್ಷರದ ಕಾಲ

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ 1960ರಲ್ಲಿ 'ದಿ ಇಮೇಜ್ ಆಫ್ ದಿ ಸಿಟಿ' ಪ್ರಕಟಿಸಿದರು. ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ನಿವಾಸಿಗಳನ್ನು ಮಾತನಾಡಿಸಿ, ಅವರ ಕೈಯಲ್ಲೇ ಊರಿನ ನಕ್ಷೆ ಬರೆಸಿದ ಲಿಂಚ್, ದಾರಿ, ಅಂಚು, ವಲಯ, ಕೂಡುತಾಣ, ಹೆಗ್ಗುರುತು ಎಂಬ ಐದರ ಆಸರೆಯಲ್ಲಿ ಜನ ಊರನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ ಎಂದು ತೋರಿಸಿದರು.

ಅದೇ ಹೊತ್ತಿಗೆ ಬ್ರಿಟನ್‌ನಲ್ಲಿ ಜಾಕ್ ಕಿನೇರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಬೋರ್ಡುಗಳನ್ನು ಮುಗಿಸಿ ದೇಶದ ಹೆದ್ದಾರಿ ಫಲಕಗಳಿಗೆ ಕೈಹಾಕಿದ್ದರು. ಅಕ್ಷರ ಎಷ್ಟು ದೂರದಿಂದ ಓದಲು ಸಿಗುತ್ತದೆ ಎಂದು ತಿಳಿಯಲು ಆಕ್ಸ್‌ಫರ್ಡ್‌ಶೈರ್‌ನ ವಾಯುನೆಲೆಯೊಂದರಲ್ಲಿ ವಾಯುಪಡೆಯ ಸಿಬ್ಬಂದಿಯನ್ನು ಸಾಲಾಗಿ ಕೂರಿಸಿ, ಬೋರ್ಡನ್ನು ಕಾರಿನ ಮೇಲೆ ಕಟ್ಟಿ ಅವರತ್ತ ಓಡಿಸಿದರು. ಬೋರ್ಡನ್ನು ಊಹೆಯ ಮೇಲೆ ಬಿಡದೆ ಅಳೆದು ನೋಡುವ ಪರಿಪಾಠ ಗಟ್ಟಿಯಾದದ್ದು ಇಂಥ ಪ್ರಯೋಗಗಳಿಂದ. 1967ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣಕ್ಕೆ ಬೆನ್ನೋ ವಿಸಿಂಗ್ ರೂಪಿಸಿದ ವ್ಯವಸ್ಥೆಯಲ್ಲಿ ವಿಮಾನದತ್ತ ಒಯ್ಯುವ ಬೋರ್ಡಿಗೆ ಹಳದಿ, ಸೌಲಭ್ಯಗಳ ಬೋರ್ಡಿಗೆ ಹಸಿರು. ಓದುವ ಮೊದಲೇ ಬಣ್ಣ ಅರ್ಧ ಕೆಲಸ ಮುಗಿಸುತ್ತಿತ್ತು. ಭಾಷೆ ಬಾರದವರಿಗಾಗಿ ಚಿತ್ರಸಂಕೇತಗಳೂ ಬಂದವು. ಅಮೆರಿಕದ ಸಾರಿಗೆ ಇಲಾಖೆಗಾಗಿ 1974ರಲ್ಲಿ 34 ಸಂಕೇತಗಳು ಸಿದ್ಧವಾದವು, 1979ರ ವೇಳೆಗೆ ಅವು 50 ಆದವು.

ತಿರುವಿನ ಲೆಕ್ಕ

ಎಂಬತ್ತರ ದಶಕದಲ್ಲಿ ಚರ್ಚೆ ಬೋರ್ಡಿನಿಂದ ಕಟ್ಟಡಕ್ಕೆ ಹೊರಳಿತು. 1981ರಲ್ಲಿ ಜೆರಾಲ್ಡ್ ವೈಸ್‌ಮನ್ ದಾರಿ ಸಿಗುವುದು, ತಪ್ಪುವುದು ನಾಲ್ಕು ಸಂಗತಿಗಳಿಗೆ ಗಂಟುಬಿದ್ದಿದೆ ಎಂದರು: ಮುಂದಿನ ಜಾಗ ಇಲ್ಲಿಂದಲೇ ಕಾಣುತ್ತದೆಯೇ, ಒಂದು ಭಾಗ ಇನ್ನೊಂದಕ್ಕಿಂತ ಬೇರೆಯಾಗಿ ಗುರುತು ಸಿಗುತ್ತದೆಯೇ, ಕಟ್ಟಡದ ನಕ್ಷೆ ಸರಳವೇ, ಬೋರ್ಡುಗಳು ಹೇಗಿವೆ. ನಾಲ್ಕರಲ್ಲಿ ಬೋರ್ಡಿನ ಪಾಲು ಒಂದು ಮಾತ್ರ. ಮೊದಲ ಮೂರು ಕೆಟ್ಟಿದ್ದರೆ ಅದರ ಭಾರವೆಲ್ಲ ನಾಲ್ಕನೆಯದರ ಮೇಲೆ ಬೀಳುತ್ತದೆ.

'ನೀವು ಇಲ್ಲಿದ್ದೀರಿ' ಎಂಬ ಕೆಂಪು ಚುಕ್ಕೆಯ ನಕ್ಷೆಗಳನ್ನು ಪರೀಕ್ಷೆಗೆ ಒಡ್ಡಿದವರು ಮನೋವಿಜ್ಞಾನಿ ಮಾರ್ವಿನ್ ಲಿವೈನ್. ಎದುರಿಗಿರುವುದು ನಕ್ಷೆಯ ಮೇಲ್ಭಾಗದಲ್ಲಿರಬೇಕು. ಇಲ್ಲವಾದರೆ ಓದಿದವರೂ ತಪ್ಪು ದಿಕ್ಕು ಹಿಡಿಯುತ್ತಾರೆ ಎಂದು ಅವರೂ ಸಂಗಡಿಗರೂ 1984ರಲ್ಲಿ ತೋರಿಸಿದರು. ಈ ಲೋಪ ಇಂದಿಗೂ ಮಾಯವಾಗಿಲ್ಲ. ಒಂದೇ ನಕ್ಷೆಯ ಹತ್ತು ಪ್ರತಿ ತೆಗೆಸಿ ಹತ್ತು ಗೋಡೆಗೆ ಅಂಟಿಸಿದರೆ, ದಕ್ಷಿಣದ ಗೋಡೆಗೆ ಸರಿಯಾದದ್ದು ಉತ್ತರದ ಗೋಡೆಯಲ್ಲಿ ತಲೆಕೆಳಗಾಗುತ್ತದೆ. 1992ರಲ್ಲಿ ಪಾಲ್ ಆರ್ಥರ್ ಮತ್ತು ರೊಮೆಡಿ ಪಸ್ಸೀನಿ ಬರೆದ ಪುಸ್ತಕ ಈ ಎಳೆಗಳನ್ನು ಒಂದುಗೂಡಿಸಿತು. ದಾರಿ ಹುಡುಕುವುದೆಂದರೆ ಒಂದರ ಹಿಂದೊಂದು ನಿರ್ಧಾರ ಮಾಡುತ್ತ ಹೋಗುವುದು. ಹಾಗಾಗಿ ಬೋರ್ಡು ನಿಲ್ಲಬೇಕಾದದ್ದು ನಿರ್ಧಾರ ಮಾಡುವ ಜಾಗದಲ್ಲಿ, ಖಾಲಿ ಗೋಡೆ ಸಿಕ್ಕಲ್ಲಿ ಅಲ್ಲ.

ಸಮಾವೇಶ ಕೇಂದ್ರವನ್ನೇ ಪ್ರಯೋಗಶಾಲೆ ಮಾಡಿಕೊಂಡ ಅಧ್ಯಯನವೂ ಇದೆ. ಜರ್ಮನಿಯ ಗ್ಯುನ್ನೆಯಲ್ಲಿರುವ ಹೈನ್‌ರಿಶ್ ಲ್ಯೂಬ್ಕೆ ಹೌಸ್‌ನಲ್ಲಿ ಕ್ರಿಸ್ಟೋಫ್ ಹೋಲ್ಷರ್ ತಂಡ ಜನರಿಗೆ ಕೋಣೆಗಳನ್ನು ಹುಡುಕಲು ಹೇಳಿ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ನಡೆಯುವಂತೆ ಕೇಳಿಕೊಂಡಿತು. 2006ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಹೊಸಬರು ತಮಗೆ ಗೊತ್ತಾದ ನಡುಭಾಗವನ್ನೇ ಗಟ್ಟಿಯಾಗಿ ನೆಚ್ಚಿಕೊಳ್ಳುತ್ತಾರೆ. ಕಟ್ಟಡದ ಪರಿಚಯ ಇದ್ದವರು ಮೊದಲು ಸರಿಯಾದ ಮಹಡಿಗೆ ಹೋಗಿ ಆಮೇಲೆ ಕೋಣೆ ಹುಡುಕುತ್ತಾರೆ. ಮೆಟ್ಟಿಲುಗಳ ಜಾಗ, ಮಹಡಿಗಳ ನಡುವಿನ ಹೊಂದಿಕೆಯಿಲ್ಲದ ವಿನ್ಯಾಸ ಇವೇ ಗೊಂದಲದ ಮೂಲ ಎಂದೂ ತಂಡ ಗುರುತಿಸಿತು.

ಕಂಡವರೆಷ್ಟು?

ಮೂರನೇ ಪ್ರಶ್ನೆಯನ್ನು ಮುಂದೆ ತಂದದ್ದು ಬೆಂಕಿಯ ಭಯ. 1973ರಲ್ಲಿ ಐಲ್ ಆಫ್ ಮ್ಯಾನ್‌ನ ಸಮರ್‌ಲ್ಯಾಂಡ್ ಮನರಂಜನಾ ಕೇಂದ್ರದ ಅಗ್ನಿದುರಂತದಲ್ಲಿ 50 ಜನ ಸತ್ತರು. ಬದುಕುಳಿದವರ ಹೇಳಿಕೆಗಳನ್ನು ಅಧ್ಯಯನ ಮಾಡಿದ ಜೊನಾಥನ್ ಸೈಮ್, ಆಪತ್ತಿನಲ್ಲಿ ಜನ ಓಡುವುದು ತುರ್ತು ದ್ವಾರಕ್ಕಲ್ಲ, ಪರಿಚಿತ ದಾರಿಗೆ ಮತ್ತು ತಮ್ಮವರ ಕಡೆಗೆ ಎಂದು 1985ರಲ್ಲಿ ಬರೆದರು. ಗ್ರೀನಿಚ್ ವಿಶ್ವವಿದ್ಯಾಲಯದ ಎಡ್ವಿನ್ ಗೇಲಿಯಾ ತಂಡ, ಓರೆಯಾಗಿ ನೋಡಿದಷ್ಟೂ ಬೋರ್ಡು ಓದಲು ಸಿಗುವ ದೂರ ತಗ್ಗುತ್ತದೆ ಎಂದು ಅಳೆದು ತೋರಿಸಿತು. ಅದೇ ತಂಡದ 2012ರ ಪ್ರಯೋಗದಲ್ಲಿ, ಎದುರಿಗೇ ಅಡ್ಡಿಯಿಲ್ಲದೆ ಇದ್ದ ತುರ್ತು ನಿರ್ಗಮನದ ಫಲಕವನ್ನು ಗಮನಿಸಿದವರು ಶೇ 38 ಮಾತ್ರ. ಗಮನಿಸಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದು ಹೇಳಿದಂತೆಯೇ ನಡೆದರು. ಅಂದರೆ ಕೊರತೆ ಇದ್ದದ್ದು ಅರ್ಥವಾಗುವಿಕೆಯಲ್ಲಲ್ಲ, ಕಣ್ಣಿಗೆ ಬೀಳುವುದರಲ್ಲಿ.

ಸಮಾವೇಶಕ್ಕೆ ಮುನ್ನ ಆವರಣದಲ್ಲಿ ನಡೆದು ಬೋರ್ಡುಗಳನ್ನು ಪರೀಕ್ಷಿಸುವ ಇಂದಿನ ತಪಾಸಣೆ ನಿಂತಿರುವುದು ಈ ಮೂರೂ ಪಾಠಗಳ ಮೇಲೆ. ನಕ್ಷೆಯ ಮೇಲೆ ತಿರುವುಗಳನ್ನು ಗುರುತಿಸಿದರೆ ಅರ್ಧ ಕೆಲಸವಷ್ಟೇ. ಮಳಿಗೆ, ಕಮಾನು, ಎಲ್‌ಇಡಿ ಪರದೆಗಳೆಲ್ಲ ಎದ್ದುನಿಂತ ಮೇಲೆ ಮತ್ತೊಮ್ಮೆ ನಡೆದು ನೋಡಬೇಕು. ಖಾಲಿ ಹಾಲಿನಲ್ಲಿ ಚೆನ್ನಾಗಿ ಕಂಡ ಎದೆಮಟ್ಟದ ಸ್ಟ್ಯಾಂಡ್ ಬೋರ್ಡು, ಜನ ಸೇರಿದೊಡನೆ ಮರೆಯಾಗುತ್ತದೆ. ಗಾಲಿಕುರ್ಚಿಯ ಎತ್ತರದಿಂದಲೂ ಒಮ್ಮೆ ನೋಡಬೇಕು. ಹೆಚ್ಚಾಗಿ ತಪ್ಪಿಹೋಗುವುದು ವಾಪಸಿನ ದಾರಿ: ಒಳಬರುವವರಿಗೆ 'ಹಾಲ್ 3' ಎನ್ನುವ ಬೋರ್ಡಿನ ಬೆನ್ನು, ಹೊರಹೋಗುವವರ ಪಾಲಿಗೆ ಬರೀ ಬಿಳಿ ತಗಡು.

ನಡಿಗೆ ಎಲ್ಲಿಂದ ಶುರುವಾಗಬೇಕು ಎಂಬುದೂ ಬದಲಾಗುತ್ತಿರುತ್ತದೆ. ಬೆಂಗಳೂರಿನ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದ ಬಳಿಗೆ, ಮಾದಾವರದವರೆಗೆ, 2024ರ ನವೆಂಬರ್‌ನಲ್ಲಿ ಮೆಟ್ರೊ ಬಂತು. ವಾಹನ ನಿಲ್ದಾಣದಿಂದ ಆರಂಭಿಸಿದರೆ ಸಾಕೆನ್ನುವಂತಿಲ್ಲ, ರೈಲಿಳಿದು ನಡೆದು ಬರುವವರ ಲೆಕ್ಕವೂ ಸೇರಬೇಕು. ಕನ್ನಡ ಸಾಹಿತ್ಯ ಸಮ್ಮೇಳನದ ಸವಾಲು ಇನ್ನೂ ದೊಡ್ಡದು. 2023ರಲ್ಲಿ ಹಾವೇರಿ, 2024ರಲ್ಲಿ ಮಂಡ್ಯ ಎಂದು ಊರೂರು ತಿರುಗುವ, ಮೂರೇ ದಿನ ನಿಲ್ಲುವ ಆವರಣದಲ್ಲಿ ಹೆಚ್ಚಿನವರೆಲ್ಲ ಹೊಸಬರೇ. ಪುಸ್ತಕ ಮಳಿಗೆ, ಊಟದ ಸಾಲು, ಸಮಾನಾಂತರ ವೇದಿಕೆಗಳ ಬೋರ್ಡು ಶುಭಾಶಯದ ಫ್ಲೆಕ್ಸುಗಳ ನಡುವೆ ಜಾಗಕ್ಕಾಗಿ ಗುದ್ದಾಡಬೇಕು. ಅಲ್ಲಿ ತಪಾಸಣೆಗೆ ಸಿಗುವುದು ಹಿಂದಿನ ದಿನದ ಸಂಜೆ ಮಾತ್ರ.

ಅಗ್ಗದ ಉಪಾಯವೊಂದು ಎಲ್ಲರ ಕೈಯಲ್ಲೂ ಇದೆ. ಯಾರು, ಎಲ್ಲಿ ನಿಂತು, ಏನು ಕೇಳಿದರು ಎಂದು ಸ್ವಯಂಸೇವಕರು ಮೊದಲ ದಿನ ಬರೆದಿಟ್ಟುಕೊಂಡರೆ, ಅದೇ ಜಾಗಕ್ಕೆ ಮರುದಿನ ಬೆಳಿಗ್ಗೆ ಬೋರ್ಡನ್ನು ಸರಿಸಬಹುದು. ಬೋರ್ಡುಗಳ ಮುದ್ರಣಕ್ಕೆ ಇಡುವ ಹಣದಲ್ಲಿ ಒಂದು ಪಾಲನ್ನು ಈ ಸರಿಸುವಿಕೆಗೆ ಮೀಸಲಿಡುವುದು, ಇಷ್ಟು ವರ್ಷಗಳ ಅಧ್ಯಯನ ಆಯೋಜಕರ ಮುಂದಿಡುವ ಸಣ್ಣ ಬೇಡಿಕೆ.